ಹರಳೆಣ್ಣೆ ಹಚ್ಚು ಎಂದೆ

ಹಸೀನಾಳ ಕಾಲಿನ ಉರಿ ಮೆಣಸಿನಕಾಯಿಯದಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಹತ್ತು ಹೆಂಗಸರ ಎದುರು ಅದು ಮೆಣಸಿನಕಾಯಿಯದೇ ಎಂದು ಹೇಳಿದೆ. ಅವಳ ಬಲಪಾದದ ಮುಂದಿನ ಅರ್ಧ ಇವತ್ತು ಇಲ್ಲ. ಇಷ್ಟನ್ನು ಮೊದಲೇ ಬರೆದುಬಿಡುತ್ತೇನೆ — ಆಮೇಲೆ ಎಲ್ಲಾದರೂ ಬರೆದರಾಯಿತು ಎಂದು ಬಿಟ್ಟರೆ ನಾನು ಜಾರಿಕೊಳ್ಳುತ್ತೇನೆ. ಜಾರಿಕೊಳ್ಳುವುದರಲ್ಲಿ ನಾನು ಗಟ್ಟಿಗಿತ್ತಿ.

ನನ್ನ ಹೆಸರು ಶಾಂತವ್ವ. ಬ್ಯಾಡಗಿಯ ಒಂದು ಮೆಣಸಿನಕಾಯಿ ಗೋದಾಮಿನಲ್ಲಿ ಹದಿನೆಂಟು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಗಂಡ ತೀರಿಕೊಂಡ ಮೇಲೆ ಸೇರಿದ್ದು. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ಮೊದಲು ಉಳಿದವರಂತೆ ಕೂತು ಕಾಯಿಯ ತೊಟ್ಟು ಬಿಡಿಸುತ್ತಿದ್ದೆ. ಹತ್ತನೇ ಇಯತ್ತೆ ಓದಿದವಳು, ಜೊತೆಗೆ ಬಾಯಿ ಜೋರು ಎಂದು ಸಾವುಕಾರರು ನನ್ನನ್ನು ಹೆಂಗಸರ ಉಸ್ತುವಾರಿಗೆ ನಿಲ್ಲಿಸಿದರು. ನಿಲ್ಲಿಸಿದರು ಎಂದರೆ ನಿಜವಾಗಿಯೂ ನಿಲ್ಲಿಸಿದರು — ಬೆಳಗ್ಗೆಯಿಂದ ಸಂಜೆಯವರೆಗೆ ಸಿಮೆಂಟಿನ ನೆಲದ ಮೇಲೆ, ಸಾಲಿನಿಂದ ಸಾಲಿಗೆ ಓಡಾಡುತ್ತ, ಬರಿಗಾಲಿನಲ್ಲಿ. ಕಾಯಿಯ ರಾಶಿ ಇರುವ ಕಡೆ ಚಪ್ಪಲಿ ಕಾಲು ಇಡುವಂತಿಲ್ಲ. ರಾಶಿ ಎಂದರೆ ನಮಗೆ ಲಕ್ಷ್ಮಿ; ಸಾವುಕಾರರು ಕೂಡ ಬಾಗಿಲಲ್ಲಿ ಬಿಟ್ಟೇ ಒಳಗೆ ಬರುತ್ತಾರೆ.

ನಮ್ಮಲ್ಲಿ ಉರಿ ಎಂದರೆ ಯಾರೂ ಕಾರಣ ಕೇಳುವುದಿಲ್ಲ. ಕಣ್ಣು ಉರಿದರೂ ಕಾಯಿ, ಕೈ ಉರಿದರೂ ಕಾಯಿ, ಎಳೆ ಕೂಸು ಚೀರಿದರೂ ತಾಯಿಯ ಕೈಗೆ ಹತ್ತಿದ ಕಾಯಿ. ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರಾದದ್ದೇ ಹೊರತು ಖಾರಕ್ಕಲ್ಲ ಎಂದು ಊರಿಗೆಲ್ಲ ಗೊತ್ತು. ಆದರೂ ಮೈಯ ಉರಿಯನ್ನೆಲ್ಲ ಅದರ ತಲೆಗೇ ಕಟ್ಟುತ್ತೇವೆ. ಔಷಧವೂ ಒಂದೇ, ಹರಳೆಣ್ಣೆ. ಹೊಸಬರು ಬಂದರೆ ಅದನ್ನು ಹೇಳಿಕೊಡುವವಳು ನಾನು. ನನ್ನ ಕಾಲು ಉರಿಯತೊಡಗಿದಾಗ ಎರಡು ವರ್ಷ ನಾನೂ ಅದನ್ನೇ ಹಚ್ಚಿಕೊಂಡೆ.

ಉರಿ ಎಂದರೆ ಎಂಥ ಉರಿ — ಕೂತಾಗ ಹೆಚ್ಚು, ಮಲಗಿದರೆ ಇನ್ನೂ ಹೆಚ್ಚು, ಹೊದಿಕೆ ತಾಗಿದರೂ ಸಾಕು ಪಾದ ಕೆಂಡವಾಗುತ್ತಿತ್ತು. ಆಮೇಲೆ ಅದರ ನಡುವೆಯೇ ಒಂದು ಜೋಮು ಸೇರಿಕೊಂಡಿತು. ನೆಲದ ಮೇಲೆ ಅಲ್ಲ, ಹತ್ತಿಯ ಮೇಲೆ ನಿಂತ ಹಾಗೆ. ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಹಿಂದಿನಿಂದ ಕೂಗಿದರು, "ಅವ್ವಾರ, ನಿಮ್ಮ ಚಪ್ಪಲಿ!" ತಿರುಗಿ ನೋಡಿದರೆ ಎಡಗಾಲಿನ ಚಪ್ಪಲಿ ನಾಲ್ಕು ಹೆಜ್ಜೆ ಹಿಂದೆ ಬಿದ್ದಿದೆ. ಕಾಲಿನಿಂದ ಕಳಚಿದ್ದು ನನಗೆ ತಿಳಿದಿರಲಿಲ್ಲ. ಆವತ್ತು ನಾನು ನಿಜವಾಗಿ ಹೆದರಿದೆ, ಮರುದಿನವೇ ಹಾವೇರಿಗೆ ಹೋದೆ.

ಡಾಕ್ಟರು ತೆಳ್ಳನೆಯ ಒಂದು ಪ್ಲಾಸ್ಟಿಕ್ ಎಳೆಯನ್ನು ಪಾದಕ್ಕೆ ಮುಟ್ಟಿಸಿ, "ಹತ್ತಿದ್ದು ಗೊತ್ತಾಗ್ತೈತೇನ್ರಿ?" ಎಂದು ಕೇಳಿದರು. "ಹೂಂನ್ರಿ" ಎಂದೆ. ಗೊತ್ತಾಗಿರಲಿಲ್ಲ, ಕಣ್ಣಿನಿಂದ ನೋಡಿ ಹೇಳಿದ್ದೆ. ಹೆಬ್ಬೆರಳು, ಕಿರುಬೆರಳು, ಹಿಮ್ಮಡಿ — ಎಲ್ಲದಕ್ಕೂ ಹೂಂ. ಅವರಿಗೆ ಸಂಶಯ ಬಂದಿರಬೇಕು, ಕಣ್ಣು ಮುಚ್ಚಲು ಹೇಳಿದರು. ಮುಚ್ಚಿದೆ, ಕಾದೆ. ಹೊರಗೆ ಸರದಿಯಲ್ಲಿ ಕೂತ ಯಾರೋ ಕೆಮ್ಮುವುದು ಕೇಳಿಸಿತು, ಗೋಡೆಯ ಫ್ಯಾನು ತಿರುಗುವುದು ಕೇಳಿಸಿತು. ಕೊನೆಗೆ ನಾನೇ ಕೇಳಿದೆ, "ಯಾವಾಗ ಮುಟ್ಟತೀರಿ, ಸಾಹೇಬ್ರ?"

"ಮುಟ್ಟಿ ಆತ್ರಿ" ಎಂದರು.

ಮುಚ್ಚಿದ ಕಣ್ಣನ್ನು ತೆರೆಯಲು ನನಗೆ ಧೈರ್ಯ ಬರಲಿಲ್ಲ. ಸಕ್ಕರೆ ಕಾಯಿಲೆ ಬಹಳ ದಿನದಿಂದ ಇದೆ, ಕಾಲಿನ ನರಕ್ಕೆ ಹೊಡೆದಿದೆ ಎಂದು ಅವರು ಹೇಳುತ್ತಿದ್ದರು. "ಇನ್ನ ಬರಿಗಾಲಾಗ ಒಂದ ಹೆಜ್ಜಿನೂ ಇಡಬ್ಯಾಡ್ರಿ. ಮನಿ ಒಳಗೂ ಇಡಬ್ಯಾಡ್ರಿ. ಮುಳ್ಳು ಚುಚ್ಚಿದ್ರ ನಿಮಗ ಗೊತ್ತಾಗೂದಿಲ್ಲ, ಗಾಯ ಆದ್ರ ಕಾಲ ಹೋಗ್ತೈತಿ" ಎಂದು ಹೇಳಿ ಕಪಾಟಿನಿಂದ ಒಂದು ಜೊತೆ ಚಪ್ಪಲಿ ತೆಗೆದು ತೋರಿಸಿದರು. ಮೆತ್ತನೆಯ ದಪ್ಪ ರಬ್ಬರ್ ತಳ, ಅಗಲ ಪಟ್ಟಿ, ಹಿಂದೊಂದು ಪಟ್ಟಿ. ಎಂಸಿಆರ್ ಚಪ್ಪಲಿ ಎನ್ನುತ್ತಾರೆ, ಇಂಥದ್ದನ್ನೇ ಹಾಕಿಕೊಳ್ಳಬೇಕು ಎಂದರು.

ಆ ಚಪ್ಪಲಿಯನ್ನು ನಾನು ಮೊದಲೇ ನೋಡಿದ್ದೆ. ನನ್ನ ತವರು ಗುತ್ತಲದಲ್ಲಿ, ನಾನು ಸಣ್ಣವಳಿದ್ದಾಗ, ಸಂತೆಯ ಬಾಯಲ್ಲಿ ಒಬ್ಬ ಮುದುಕ ಕೂರುತ್ತಿದ್ದ. ಬೆರಳಿಲ್ಲದ ಅವನ ಕಾಲಲ್ಲಿ ಅವೇ ಇದ್ದವು. "ಅತ್ತಾಗ ಹೋಗಬ್ಯಾಡ, ದೊಡ್ಡರೋಗ ಐತಿ ಅವಂಗ" ಎಂದು ಅವ್ವ ನನ್ನ ರಟ್ಟೆ ಹಿಡಿದು ಎಳೆದಿದ್ದಳು. ಅವನಿಗೆ ಕುಷ್ಠ ಯಾವಾಗಲೋ ವಾಸಿಯಾಗಿತ್ತೇನೋ, ಪಾಪ. ಆದರೆ ನಮ್ಮ ಕಡೆಯ ಕಣ್ಣಿಗೆ ಆ ಚಪ್ಪಲಿ ಎಂದರೆ ಆ ರೋಗ. ಅವನ್ನು ಹಾಕಿಕೊಂಡು ನಾನು ಗೋದಾಮಿನ ಬಾಗಿಲಿಗೆ ಬಂದರೆ — ತಿನ್ನುವ ಕಾಯಿ ಮುಟ್ಟುವ ಜಾಗ ಅದು — ಸಾವುಕಾರರು ಒಂದು ದಿನವೂ ಇಟ್ಟುಕೊಳ್ಳುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಮಧ್ಯಾಹ್ನ ದುಂಡಗೆ ಕೂತು ಒಬ್ಬರ ರೊಟ್ಟಿ ಒಬ್ಬರು ಮುರಿದು ತಿನ್ನುತ್ತೇವಲ್ಲ, ಆಗ ಯಾರಾದರೂ ಬುತ್ತಿಯನ್ನು ಸ್ವಲ್ಪ ಆಚೆ ಸರಿಸಿಕೊಂಡರೆ...

ಹಾಗಾಗಿ ಬೇರೆ ಜೋಡು ಹುಡುಕುತ್ತ ರಾಣೇಬೆನ್ನೂರಿಗೆ ಹೋದೆ. ಮೂರು ರಜೆಯ ದಿನ, ಎಷ್ಟೋ ಅಂಗಡಿ. "ಹೆಂಗ ಅನಸ್ತೈತ್ರಿ?" ಎಂದು ಅಂಗಡಿಯವನು ಕೇಳುತ್ತಾನೆ, ಏನೂ ಅನ್ನಿಸದ ಕಾಲಿನಿಂದ ಏನೆಂದು ಉತ್ತರ ಕೊಡಲಿ? ಬಿಗಿಯಾದ ಜೋಡೇ ನನಗೆ ಹಿತವೆನಿಸುತ್ತಿತ್ತು, ಏಕೆಂದರೆ ಕಾಲಿಗೆ ತಿಳಿಯುತ್ತಿದ್ದದ್ದು ಅದೊಂದೇ. ಹಾಗೆ ತಂದ ಒಂದು ಜೊತೆ ಕ್ಯಾನ್ವಾಸ್ ಬೂಟು ಮನೆಯಲ್ಲಿ ಒಂದೇ ದಿನ ಹಾಕಿದ್ದಕ್ಕೆ ಕಿರುಬೆರಳ ಮೇಲೆ ಗುಳ್ಳೆ ಎದ್ದಿತ್ತು. ಬಿಚ್ಚಿ ನೋಡುವವರೆಗೆ ನನಗದು ಗೊತ್ತೇ ಇಲ್ಲ.

ಕೊನೆಗೆ ಹಠ ಹಿಡಿದು ಡಾಕ್ಟರು ಹೇಳಿದ ಚಪ್ಪಲಿಯನ್ನೇ ಕೊಂಡು, ಕಾಗದದಲ್ಲಿ ಸುತ್ತಿ, ಜೋಡು ಹೊಲಿಯುವ ಒಬ್ಬ ಹಿರಿಯರ ಮುಂದೆ ಇಟ್ಟೆ. ಜೊತೆಗೆ ಒಂದು ಅಳತೆ ದೊಡ್ಡದಾದ, ಬೆರಳ ಕಡೆ ಅಗಲವಾದ ಕಪ್ಪು ಬೂಟು. ಇದರ ತಳ ಕೊಯ್ದು ಅದರೊಳಗೆ ಹಾಕಿಕೊಡಿ ಎಂದೆ.

"ಛಲೋ ಅದಾವಲ್ಲವಾ ಚಪ್ಪಲಿ, ಯಾಕ ಕೊಯ್ಯಸ್ತಿ?"

"ಕೊಯ್ರಿ ನೀವು."

ಅವರು ನನ್ನ ಪಾದವನ್ನು ಕಾಗದದ ಮೇಲೆ ಇರಿಸಿ, ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು, ಒಳಗಿನ ಹೊಲಿಗೆಯನ್ನೆಲ್ಲ ಕೈಯಾಡಿಸಿ ಹುಡುಕಿ ತೆಗೆದು, ನುಣುಪು ಮಾಡಿಕೊಟ್ಟರು. ಹಾಕಿಕೊಳ್ಳುವ ಮೊದಲು ದಿನಾ ಒಳಗೆ ಕೈ ಹಾಕಿ ನೋಡಬೇಕೆಂದು ಹೇಳಿದರು. ಹೊರಗಿನಿಂದ ನೋಡಿದವರಿಗೆ ಅದು ಯಾವ ಹೆಂಗಸಾದರೂ ಹಾಕಬಹುದಾದ ಬೂಟು. ಸಾವುಕಾರರಿಗೆ ಮೊಣಕಾಲು ನೋವು ಎಂದು ಸುಳ್ಳು ಹೇಳಿದೆ. "ಹೊರಗ ಮೆಟ್ಟಬ್ಯಾಡವಾ ಅವನ್ನ, ಇಲ್ಲೇ ಇಡು. ನೀ ಒಬ್ಬಾಕಿ ಅಷ್ಟ ಮತ್ತ" ಎಂದು ಒಪ್ಪಿದರು. ಎಷ್ಟೋ ದಿನಗಳ ಮೇಲೆ ಸಂಜೆಯವರೆಗೆ ನಿಂತೂ ಅಳು ಬರಲಿಲ್ಲ. ಹೆಂಗಸರು "ನಮ್ಮ ಶಾಂತಕ್ಕ ಪೊಲೀಸ್ ಆಗ್ಯಾಳ" ಎಂದು ಚೇಷ್ಟೆ ಮಾಡಿದರು, ನಾನೂ ಲಾಠಿ ಬೀಸುವ ಹಾಗೆ ಕೈ ಬೀಸಿ ನಕ್ಕೆ. ಅಲ್ಲಿಗೆ ನಿಲ್ಲಿಸಿದ್ದರೆ ಅದು ನನ್ನೊಬ್ಬಳ ಗುಟ್ಟಾಗಿ ಉಳಿಯುತ್ತಿತ್ತು.

ಹಸೀನಾ ನನ್ನ ಮೊದಲ ಸಾಲಿನವಳು. ನನಗಿಂತ ಹತ್ತು ವರ್ಷ ಚಿಕ್ಕವಳು, ಗೋದಾಮಿನಲ್ಲೆಲ್ಲ ಅವಳ ಕೈಯೇ ಚುರುಕು. ಅವಳ ಗಂಡ ಮಾಲಿನ ಆಟೋ ಓಡಿಸುತ್ತಾನೆ. ಅವಳು ಬುತ್ತಿ ಬಿಚ್ಚಿದರೆ ಮೊದಲ ತುತ್ತು ನನಗೆ. ಬೂಟು ಬಂದ ವಾರದಲ್ಲೇ, ಎಲ್ಲರೂ ಊಟಕ್ಕೆ ಕೂತಾಗ, ಅವಳು ನನ್ನ ಕಾಲನ್ನೇ ನೋಡುತ್ತ ಕೇಳಿದಳು:

"ಶಾಂತಕ್ಕಾ, ಖರೇ ಹೇಳ್ರಿ. ನನ್ನ ಕಾಲ ಭಾಳ ಉರಿಯಾಕತ್ತಾವ. ಒಮ್ಮೊಮ್ಮೆ ಹತ್ತಿ ಮ್ಯಾಲ ನಿಂತಂಗ ಆಗ್ತೈತಿ. ನಿಮಗೂ ಹಂಗ ಆಗಿ ಬೂಟ್ ತಂದೀರೇನು?"

ಹತ್ತಿ ಮೇಲೆ ನಿಂತ ಹಾಗೆ. ನಾನು ಯಾರಿಗೂ ಹೇಳದಿದ್ದ ಮಾತು ಅವಳ ಬಾಯಲ್ಲಿತ್ತು. ಎಲ್ಲರ ಕೈಯಲ್ಲೂ ರೊಟ್ಟಿ ಹಾಗೇ ನಿಂತಿತ್ತು, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹೌದು ಎಂದರೆ ಬೂಟು ಬಿಚ್ಚಿಸುತ್ತಾರೆ, ಒಳಗಿನ ತಳ ನೋಡುತ್ತಾರೆ — ಇಷ್ಟೇ ನನ್ನ ತಲೆಗೆ ಹೊಳೆದದ್ದು. ಅವಳ ಕಾಲು ಹೊಳೆಯಲಿಲ್ಲ.

"ನಂದು ಮೊಣಕಾಲು. ನಿಂದು ಮೆಣಸಿನಕಾಯಿ ಉರಿ ಐತಿ. ಹರಳೆಣ್ಣಿ ಹಚ್ಚು, ಹೋಗ್ತೈತಿ."

"ನಾನೂ ಒಂದ ಜೋಡ ಬೂಟ್ ತರ್ಲೇನ್ರಿ?"

"ಒಬ್ಬಾಕಿಗೆ ಅಷ್ಟ ಅಂದಾರ ಸಾವುಕಾರ್ರು."

ಅವಳು ತಲೆಯಾಡಿಸಿ ಊಟ ಮುಂದುವರಿಸಿದಳು. ಆಮೇಲೆ ಒಬ್ಬಳನ್ನೇ ಕರೆದು ಹೇಳಬಹುದಿತ್ತು. ಆ ದಿನ ಇಲ್ಲ, ಮರುದಿನ. ಆ ವಾರ ಇಲ್ಲ, ಮುಂದಿನ ವಾರ. ಒಟ್ಟು ಎಂಟು ತಿಂಗಳು ಅವಳು ದಿನವೂ ನನ್ನ ಎದುರಿಗೆ ಬರಿಗಾಲಿನಲ್ಲಿ ಓಡಾಡಿದಳು. ಅವಳ ಕಾಲನ್ನು ನೋಡಬಾರದೆಂದು ನಾನು ಅವಳ ಸಾಲಿಗೆ ಹೋಗುವುದನ್ನೇ ಕಡಿಮೆ ಮಾಡಿದೆ. ಮನೆಯಲ್ಲಿ ಮಾತ್ರ ಬೆಳಗ್ಗೆ ಎದ್ದ ಕೂಡಲೇ ಕನ್ನಡಿ ಹಿಡಿದು ನನ್ನ ಅಂಗಾಲನ್ನು ಬೆರಳು ಬೆರಳೂ ಬಿಡಿಸಿ ನೋಡಿಕೊಳ್ಳುತ್ತಿದ್ದೆ.

ಒಂದು ಸಂಜೆ ಅವಳು ಕಾಯಿಯ ಬುಟ್ಟಿ ಹೊತ್ತು ನನ್ನ ಮುಂದೆ ಹೋದಳು. ಅವಳು ಹೆಜ್ಜೆ ಎತ್ತಿದಾಗ ಅಂಗಾಲಲ್ಲಿ ಏನೋ ಮಿನುಗಿತು. ಕೂರಿಸಿ ನೋಡಿದರೆ ಚೀಲ ಹೊಲಿಯುವ ದಬ್ಬಣದ ಮುರಿದ ತುದಿ, ಬೆರಳುಗಳ ಬುಡದಲ್ಲಿ ಒಳಗೆ ಇಳಿದು ನಿಂತಿದೆ. ದಬ್ಬಣ ಮುರಿದದ್ದು ಬೆಳಗ್ಗೆ; ತುದಿ ಸಿಗದೆ, ಉಳಿದದ್ದನ್ನು ಆಗಲೇ ಎಸೆದಿದ್ದರು. ಅಂದರೆ ಅವಳು ಅದರ ಮೇಲೆ ಇಡೀ ದಿನ ನಡೆದಿದ್ದಳು. ನಾನು ಎಳೆದು ತೆಗೆದೆ.

"ಅಯ್ಯ ಅಲ್ಲಾ, ಗೊತ್ತ ಆಗಿಲ್ಲ ನೋಡ್ರಿ ಅಕ್ಕಾ! ಎಷ್ಟ ಗಟ್ಟಿ ಆಗ್ಯಾವ ನನ್ನ ಕಾಲು" ಎಂದು ಅವಳು ನಕ್ಕಳು.

ನಾನೂ ನಕ್ಕೆ. ದೇವರೇ, ನಾನೂ ನಕ್ಕೆ. ಅರಿಶಿನ ಒತ್ತಿ ಕಳಿಸಿದೆ. ಮೂರು ದಿನ ಕೆಲಸಕ್ಕೆ ಬಂದಳು, ನಾಲ್ಕನೆಯ ದಿನ ಜ್ವರ ಎಂದರು. ಹಾವೇರಿಯ ಆಸ್ಪತ್ರೆ, ಅಲ್ಲಿಂದ ಇನ್ನೂ ದೊಡ್ಡ ಆಸ್ಪತ್ರೆ. ಅವಳಿಗೂ ಸಕ್ಕರೆ ಕಾಯಿಲೆ ಎಂದು ಅಲ್ಲಿ ಗೊತ್ತಾಯಿತು. ಮೊದಲು ಎರಡು ಬೆರಳು ತೆಗೆದರು, ಕೊಳೆಯುವುದು ನಿಲ್ಲಲಿಲ್ಲ; ಆಮೇಲೆ ಅರ್ಧ ಪಾದ.

ಒಂದು ವರ್ಷ ನಾನು ಅವಳ ಮನೆಗೆ ಹೋಗಿ ಬರುತ್ತಿದ್ದೆ, ಸಕ್ಕರೆಗೆ ಆಗದ ಬಾಳೆಹಣ್ಣು ಬಿಟ್ಟು ಬೇರೆ ಹಣ್ಣು ಒಯ್ದು, ಡಾಕ್ಟರು ಏನು ಹೇಳಿದರೆಂದು ಏನೂ ಅರಿಯದವಳಂತೆ ಕೇಳಿ. ಪ್ರತಿ ಸಲ ಮೆಟ್ಟಿಲು ಹತ್ತುವಾಗ, ಇವತ್ತು ಅವಳಿಗೆ ಯಾರಾದರೂ ಹೇಳಿರುತ್ತಾರೆ ಎಂದುಕೊಳ್ಳುತ್ತಿದ್ದೆ. ಯಾರೂ ಹೇಳಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ. ಕಳೆದ ಭಾನುವಾರ ನೆರೆಮನೆಯವರೊಬ್ಬರು ಅಲ್ಲಿ ಕೂತಿದ್ದರು. ಅವರಿಗೆ ಹಸೀನಾ ನನ್ನನ್ನು ತೋರಿಸಿ ಹೇಳಿದಳು: "ನಮ್ಮ ಶಾಂತಕ್ಕ ಮೊದಲ ಹೇಳಿದ್ರು, ಹರಳೆಣ್ಣಿ ಹಚ್ಚು ಅಂತ. ನಾನ ದಿನಾ ಹಚ್ಚಲಿಲ್ಲ. ನನ್ನ ತಪ್ಪು."

ನೆರೆಯವರು ಎದ್ದು ಹೋಗುವವರೆಗೆ ಕಾದೆ. ಆಮೇಲೆ ಹೇಳಿದೆ — ಡಾಕ್ಟರು, ಚಪ್ಪಲಿ, ಮೊಣಕಾಲಿನ ಸುಳ್ಳು, ಎಲ್ಲ. ಮುಗಿದ ಮೇಲೆ ಒಂದೇ ಕೇಳಿದಳು:

"ನಾ ಕೇಳಿದ ದಿನಾನ ಗೊತ್ತಿತ್ತೇನ್ರಿ ನಿಮಗ?"

"ಗೊತ್ತಿತ್ತು."

ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಒಳಗಿನಿಂದ ಅವಳ ಮಗಳು ಸ್ಟೋವ್ ಹಚ್ಚುವ ಸಪ್ಪಳ ಬಂತು. ಹಸೀನಾ ನನ್ನಿಂದ ಕಣ್ಣು ತೆಗೆದು, ಒಳಗಿನ ಕಡೆ ತಿರುಗಿ ಹೇಳಿದಳು:

"ಚಾ ಇಡಬ್ಯಾಡ ಬೇಟಿ. ಅವರು ಹೊಂಟಾರ."

ಹೊರಟುಬಂದೆ. ಅವಳ ಬಾಗಿಲಿಗೆ ಇನ್ನು ನಾನಾಗಿ ಹೋಗುವುದಿಲ್ಲ, ಕರೆದರೆ ಹೋಗುತ್ತೇನೆ. ಕರೆಯಲಿ ಎಂದು ಕೇಳಿಕೊಳ್ಳುವ ಹಕ್ಕು ನನಗಿಲ್ಲ. ಇನ್ನೊಂದು ಮಾತು ಉಳಿದಿದೆ, ಅದನ್ನು ಹಸೀನಾಳಿಗೂ ಹೇಳಿಲ್ಲ. ಈ ವರ್ಷ ಕಡೇ ಸಾಲಿನ ನೀಲವ್ವ, ಅವಳ ಪಕ್ಕದ ರೇಣುಕಾ, ಇಬ್ಬರೂ ಬೇರೆ ಬೇರೆ ದಿನ ಬಂದು ಕಾಲು ಉರಿಯುತ್ತದೆ ಎಂದಿದ್ದರು. ಹಸೀನಾಳ ಕಾಲು ಹೋದ ಮೇಲೆ ಬಂದು ಕೇಳಿದ್ದು ಅದು. ಆಗಲೂ ನಾನು ಹರಳೆಣ್ಣೆ ಹಚ್ಚಿ ಎಂದೇ ಹೇಳಿದ್ದೆ.

ನಾಳೆ ಊಟದ ಹೊತ್ತಿಗೆ ಎಲ್ಲರ ನಡುವೆ ಬೂಟು ಬಿಚ್ಚಿ ಒಳಗಿನ ತಳ ತೋರಿಸುತ್ತೇನೆ. ಬುತ್ತಿ ಸರಿಸಿಕೊಳ್ಳುವವರು ಸರಿಸಿಕೊಳ್ಳಲಿ, ಸಾವುಕಾರರು ಮಾಡುವುದನ್ನು ಮಾಡಲಿ. ಆಮೇಲೆ ಅವರಿಬ್ಬರನ್ನು ಕರೆದುಕೊಂಡು ಹಾವೇರಿಯ ಬಸ್ಸು ಹತ್ತುತ್ತೇನೆ. ಇದನ್ನು ಬರೆಯುವಾಗಲೂ ಹೆದರಿಕೆ ಹೋಗಿಲ್ಲ. ಹೆದರಿಕೆ ಹೋಗಲಿ ಎಂದು ಇನ್ನು ಕಾಯುವುದಿಲ್ಲ.