ಗೋಕಾಕಿಗೆ ಹೋಗಿ ಬಂದ ಸಂಗವ್ವ

ಇವತ್ತು ಬೆಳಿಗ್ಗೆ ಬಾಜೂ ಮನೆಯ ಮಾಳಿಗೆಯಿಂದ ಒಣಗುವ ಶಾವಿಗೆಯ ವಾಸನೆ ಬಂತು ನೋಡಿ, ಮೂಡಲಗಿಯ ನಮ್ಮ ಅಂಗಳ ಕಣ್ಣ ಮುಂದೆ ನಿಂತಿತು. ಏಕೀಕರಣವಾದ ಹೊಸತು, ನಾನೂ ಆ ಮನೆಗೆ ಹೊಸ ಸೊಸೆ. ನಾನು ಹೊಸೆದ ಶಾವಿಗೆಯಿಂದ ಎತ್ತು ಕಟ್ಟಬಹುದಿತ್ತು. ಕೂದಲೆಳೆಯಂತೆ ಹೊಸೆಯುತ್ತಿದ್ದವನು ಮೈದುನ ಸಂಗಪ್ಪ. ಹೆಂಗಸರ ನಡುವೆ ಕುಳಿತರೆ ಅವನ ಮುಖದ ಕಳೆಯೇ ಬೇರೆ. "ವೈನಿ, ನಾ ಸಣ್ಣಾಕಿ ಇದ್ದಾಗಿಂದ ಹೆಣ್ಣ ಅದೀನ್ರಿ" ಎಂದು ಒಮ್ಮೆ ಹೇಳಿದ, ಹಿಟ್ಟಿಗೆ ನೀರು ಸಾಲದು ಎನ್ನುವ ದನಿಯಲ್ಲಿ. ನಾನು ನಕ್ಕು ಹಿಟ್ಟಿಗೆ ಇನ್ನಷ್ಟು ನೀರು ಚಿಮುಕಿಸಿದೆ.

ನಾಗನೂರಿನ ಹುಡುಗಿಯೊಬ್ಬಳೊಂದಿಗೆ ಅವನ ಲಗ್ನ ಗೊತ್ತಾದಾಗ ನಗು ನಿಂತಿತು. "ಆ ಹುಡುಗಿ ಬಾಳೇ ನಾ ಹಾಳ ಮಾಡಾಂಗಿಲ್ಲ" ಎಂದು ಸಂಗಪ್ಪ ಎಲ್ಲರೆದುರು ನಿಜ ಹೇಳಿಬಿಟ್ಟ. "ತಲಿ ಕೆಟ್ಟೈತಿ" ಎಂದು ಅತ್ತೆ ಅಳುತ್ತ ಅವನನ್ನು ಗೋಕಾಕಿನ ಡಾಕ್ಟರ ಬಳಿ ಕರೆದೊಯ್ದರು. ಧೈರ್ಯಕ್ಕೆ ನಾನು. ಎಂಥ ಧೈರ್ಯವೋ!

ದವಾಖಾನೆಯಲ್ಲಿ ಹುಕ್ಕೇರಿಯ ಮಾಸ್ತರರೊಬ್ಬರು ತಮ್ಮನ ಕೈ ಹಿಡಿದು ಕುಳಿತಿದ್ದರು. "ನನ್ನ ಹೆಂಗಸ ಮಾಡೇವಿ ಅಂತ ರೇಡಿಯೋದಾಗ ಸಾರ್ಯಾರ. ನಿನ್ನಿ ಕಲೆಕ್ಟರ್ ಮಾಡಿದ್ರು" ಎಂದು ಬೆವರುತ್ತಿದ್ದರು.

ಅತ್ತೆ ನನ್ನ ತೋಳು ಚಿವುಟಿದರು. "ನೋಡ, ಇಬ್ಬರದೂ ಒಂದ ಜಡ್ಡ!"

ಡಾಕ್ಟರು ಮಾಸ್ತರರನ್ನು ನೋಡಿ ಮುಗಿಸಿ ಸಂಗಪ್ಪನ ಕಡೆ ತಿರುಗಿದರು. "ನಿಮಗೂ ಯಾರರ ಹಂಗ ಹೇಳತಾರೇನ್ರಿ?"

"ಯಾರೂ ಹೇಳಾಂಗಿಲ್ರಿ. ಮೈ ಗಂಡಸಿಂದ ಐತಿ, ನನಗೂ ಕಾಣತೈತಿ. ಅದರಾಗ ಇರಾಕಿ ಹೆಣ್ಣ."

ನಿದ್ದೆ, ಊಟ, ಹೊಲದ ಕೆಲಸ ಎಲ್ಲವನ್ನೂ ವಿಚಾರಿಸಿ ಡಾಕ್ಟರು ಅತ್ತೆಗೆ ಹೇಳಿದರು: "ಮಾಸ್ತರಿಗೆ ಜಡ್ಡ ಐತ್ರಿ. ನಿದ್ದಿ ಇಲ್ಲ, ಇಲ್ಲದ ದನಿ ಕೇಳತಾವು, ದಿನಾ ಒಬ್ಬೊಬ್ಬರಾಗತಾರ. ಅದಕ್ಕ ಔಷಧ ಕೊಡತೇನಿ. ಇವರು ಸಣ್ಣಂದಿನಿಂದ ಒಂದ ಮಾತ ಹೇಳ್ಯಾರ, ಉಳದದ್ದೆಲ್ಲಾ ನೆಟ್ಟಗೈತಿ. ಇದು ಹುಚ್ಚಲ್ರಿ. ಲಗ್ನದ ಮಾತ ಬಿಡ್ರಿ."

"ಹಂಗಾರ ನಾ ಏನ ಮಾಡ್ಲಿ?"

"ಏನಂತ ಕರೀಬೇಕು, ಅವರನ್ನ ಕೇಳ್ರಿ."

ಬಸ್ಸು ಹತ್ತಿದ ಮೇಲೆ ಅತ್ತೆ ಕೇಳಿದರು.

"ಸಂಗವ್ವ" ಎಂದು ಮೆಲ್ಲಗೆ ಉತ್ತರ ಬಂತು.

ಬಸ್ಸು ಅರಭಾವಿ ದಾಟಿತು. ಅತ್ತೆ ಮುಖ ತಿರುಗಿಸದೆಯೇ ಅಂದರು: "ಸಂಗವ್ವಾ, ಕಿಡಕಿ ಮುಚ್ಚವಾ, ಧೂಳ ಬರಾಕತ್ತೈತಿ."

ಸಂಗವ್ವ ಕಿಟಕಿ ಮುಚ್ಚಿ, ಅದರ ಗಾಜಿಗೆ ಹಣೆ ಹಚ್ಚಿ ಅತ್ತಳು.

ಊರು ಒಂದಷ್ಟು ದಿನ ನಕ್ಕಿತು. ಸುಗ್ಗಿ ಬಂದಾಗ ಬೇರೆ ಮಾತು ಸಿಕ್ಕಿತು. ಮಾಸ್ತರರು ಗುಣವಾಗಿ ಸಾಲೆಗೆ ಮರಳಿದರೆಂದು ಕೇಳಿದೆವು. ಈಗ ಸಂಗವ್ವ ಇಲ್ಲ. ಬೆಳಿಗ್ಗೆ ಬರೆಯಲು ಕೂತಾಗ ಮೈದುನನ ಕಥೆ ಬರೆಯುತ್ತೇನೆ ಅಂದುಕೊಂಡಿದ್ದೆ. ಬರೆದು ನೋಡಿದರೆ, ಮೊದಲ ಸಾಲಿನಿಂದಲೂ ಅದು ನನ್ನ ನಾದಿನಿಯದು.