ಒಂದು ಲೋಟ ಅಂಬಲಿ

ಹಸಿವು ಎಂದವರನ್ನು ಪುಟ್ಟತಾಯಮ್ಮ ತನ್ನ ಜೀವಮಾನದಲ್ಲಿ ಬರಿಹೊಟ್ಟೆಯಲ್ಲಿ ಕಳಿಸಿದವಳಲ್ಲ. ಶಾಂತಿಗ್ರಾಮದಲ್ಲಿ ಅವಳ ಪಕ್ಕದ ಮನೆಯವಳಾದ ನನಗಿದು ಚೆನ್ನಾಗಿ ಗೊತ್ತು. ಬೇಡವೆಂದರೂ ಲೋಟ ಕೈಗಿಟ್ಟು, ಕುಡಿದು ಮುಗಿಸುವವರೆಗೂ ಸೊಂಟಕ್ಕೆ ಕೈಕೊಟ್ಟು ನಿಲ್ಲುವ ಹೆಂಗಸು. ಡೈರಿಗೆ ಹಾಲು ಹಾಕಿ ಬರುವಾಗ ಬೀದಿನಾಯಿಗೂ ಅವಳ ಕೈಯಿಂದ ಏನಾದರೂ ಸಿಗುತ್ತಿತ್ತು.

ಅವಳ ಮಗ ಮೋಹನ್‌ಕುಮಾರನ ತುಟಿಯ ಮೇಲೆ ಚಿಕ್ಕಂದಿನಿಂದಲೂ ಕಪ್ಪು ಚುಕ್ಕೆಗಳಿದ್ದವು. ನೇರಳೆ ಹಣ್ಣು ತಿಂದು ಬಾಯಿ ಒರೆಸದವನ ಹಾಗೆ ಕಾಣುತ್ತಿದ್ದ. "ಅದೃಷ್ಟದ ಮಚ್ಚೆ ಕಣವ್ವ" ಎಂದು ಅವಳು ಬೀಗುತ್ತಿದ್ದಳು. ಆ ಅದೃಷ್ಟ ಅವನನ್ನು ಮೂವತ್ತು ದಾಟಲು ಬಿಡಲಿಲ್ಲ. ಹೊಟ್ಟೆನೋವೆಂದು ವರ್ಷಗಟ್ಟಲೆ ಓಮದ ನೀರು ಕುಡಿದವನು ಕರುಳು ಸಿಕ್ಕಿಕೊಂಡು ಸತ್ತ. ಅವನ ಮಗಳು ದೀಪಶ್ರೀಯ ತುಟಿಯಲ್ಲೂ ಅವೇ ಚುಕ್ಕೆಗಳು. ಹೊಟ್ಟೆನೋವೂ ಶುರುವಾದಾಗ ಸೊಸೆ ಸ್ನೇಹಲತಾ ಹೆದರಿ ಹಾಸನದ ಆಸ್ಪತ್ರೆಗೆ ಹೊರಟಳು. ಅಜ್ಜಿಯೂ ನಾನೂ ಜೊತೆಗೆ ಬಸ್ಸು ಹತ್ತಿದೆವು.

ಡಾಕ್ಟರು ಬಿಡಿಸಿ ಹೇಳಿದರು. ಇದು ವಂಶದಲ್ಲಿ ಬರುವ ಕಾಯಿಲೆ, ತುಟಿಯ ಚುಕ್ಕೆಗಳೇ ಅದರ ಗುರುತು. ಸಣ್ಣಕರುಳಿನೊಳಗೆ ಮಾಂಸದ ಗಂಟುಗಳು ಬೆಳೆಯುತ್ತವೆ. ಗಂಟು ದೊಡ್ಡದಾದರೆ ಕರುಳನ್ನು ಕರುಳಿನೊಳಗೇ ಎಳೆದುಕೊಳ್ಳುತ್ತದೆ. ಅಷ್ಟರೊಳಗೆ ಕಂಡುಹಿಡಿದು ತೆಗೆಯಬೇಕು. ಬಾಯಿಂದ ಇಳಿಸುವ ಕೊಳವೆ ಅಷ್ಟು ದೂರ ಹೋಗದು, ಮಾತ್ರೆಯಂಥ ಕ್ಯಾಮೆರಾ ನುಂಗಿಸಬೇಕು. ಹಿಂದಿನ ದಿನದಿಂದ ಊಟ ಕೊಡಬೇಡಿ, ಹೊಟ್ಟೆ ಖಾಲಿ ಇರಲಿ.

ಎಂಟು ವರ್ಷದ ದೀಪಶ್ರೀ ಅದನ್ನು ನುಂಗಿದಳು. ಕ್ಯಾಮೆರಾ ಕಳಿಸುವ ಚಿತ್ರ ಹಿಡಿದಿಡುವ ಬೆಲ್ಟನ್ನು ಸೊಂಟಕ್ಕೆ ಕಟ್ಟಿಸಿಕೊಂಡು ದಿನವೆಲ್ಲ ಆಸ್ಪತ್ರೆಯಲ್ಲಿ ಓಡಾಡಿದಳು. ಮರುದಿನ ಚಿತ್ರ ನೋಡಿದ ಡಾಕ್ಟರು ಮುಖ ಗಂಟಿಕ್ಕಿದರು.

"ಒಳಗೆ ಬರೀ ಬಗ್ಗಡ, ಏನೂ ಕಾಣ್ತಿಲ್ಲ. ಮಗುಗೆ ಏನು ಕೊಟ್ರಿ?"

"ಏನೂ ಕೊಟ್ಟಿಲ್ಲ ಸಾ," ಎಂದಳು ಪುಟ್ಟತಾಯಮ್ಮ. "ಇವ್ಳವ್ವ ಏಳೋಕ್ ಮುಂಚೆ ಒಂದ್ ಲೋಟ ರಾಗಿ ಅಂಬ್ಲಿ ಕುಡ್ಸಿದ್ದೆ, ಅಷ್ಟೇಯ. ಅಂಬ್ಲಿ ಊಟ್ವಾ ಸಾ? ಶನಿವಾರದ್ ಒಪ್ಪತ್ತಲ್ಲೂ ಕುಡೀತೀವಲ್ಲ."

ನಿಜ, ನಮ್ಮ ಕಡೆ ಅಂಬಲಿಯನ್ನು ಯಾರೂ ಊಟದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಸ್ನೇಹಲತಾಳಿಗೆ ಅದೆಲ್ಲ ಕೇಳಿಸುವ ಹೊತ್ತಾಗಿರಲಿಲ್ಲ. ಅತ್ತೆಯ ಭುಜ ಹಿಡಿದು ಅಲ್ಲಾಡಿಸಿದಳು. "ಅವ್ರನ್ನ ಕಳ್ಕಂಡಿದ್ದು ಸಾಲ್ದಾ ಅತ್ತೆ? ಇವ್ಳನ್ನೂ ಕಳ್ಕಬೇಕಾ?"

ಆ ಮಾತ್ರೆ ಮಲದಲ್ಲಿ ಹೊರಬೀಳಲಿ, ಆಮೇಲೆ ಮತ್ತೆ ಮಾಡೋಣ ಎಂದರು ಡಾಕ್ಟರು. ಅಂದಿನಿಂದ ಮೊಮ್ಮಗಳು ಹಿತ್ತಲಿಗೆ ಹೋದಾಗಲೆಲ್ಲ ಪುಟ್ಟತಾಯಮ್ಮ ಕಡ್ಡಿ ಹಿಡಿದು ಹಿಂದೆಯೇ ಹೋಗಿ ಕೆದಕುತ್ತಿದ್ದಳು. ಹೇಸಿಗೆ ಎಂಬುದೇ ಅವಳಿಗೆ ಮರೆತುಹೋಗಿತ್ತು. ಮಾತ್ರೆ ಬರಲಿಲ್ಲ. ದೀಪಶ್ರೀ ಅಪ್ಪನ ಹಾಗೆಯೇ ಮಂಡಿ ಮಡಚಿ ಮಲಗತೊಡಗಿದಳು. ನೋಡಲಾರದೆ ನಾನು ಎದ್ದು ಬಂದುಬಿಡುತ್ತಿದ್ದೆ.

ಎರಡು ವಾರ ಕಾದು ಎಕ್ಸ್‌ರೇ ತೆಗೆಸಿದರು. ಕ್ಯಾಮೆರಾ ಕರುಳಿನ ನಡುವೆ ನಿಂತುಬಿಟ್ಟಿತ್ತು.

"ಅಲ್ಲಿ ದೊಡ್ಡ ಗಂಟು ಅಡ್ಡ ಇರ್ಬೇಕು," ಎಂದರು ಡಾಕ್ಟರು. "ಕ್ಯಾಮೆರಾಕ್ಕೆ ಕಾಣದಿದ್ರೂ ಜಾಗ ಗೊತ್ತಾಯ್ತು. ನಾಳೆನೇ ಆಪರೇಷನ್ ಮಾಡ್ಬೇಕು. ಬೆಳಿಗ್ಗೆ ಒಂದು ತೊಟ್ಟು ನೀರೂ ಕೊಡ್ಬೇಡಿ."

"ಉಳೀತಾಳಾ ಸಾ?"

"ನೋಡೋಣಮ್ಮ."

ಅದೆಂಥ ಉತ್ತರವೋ ಆ ದೇವರಿಗೇ ಗೊತ್ತು. ಪುಟ್ಟತಾಯಮ್ಮ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡು ಕೂತಳು.

ಬೆಳಿಗ್ಗೆ ವಾರ್ಡಿನಲ್ಲಿ ದೀಪಶ್ರೀ ಅಜ್ಜಿಯ ಸೆರಗು ಜಗ್ಗಿದಳು. "ಅಜ್ಜಿ, ಒಟ್ಟೆ ಅಸೀತದೆ. ಒಂದ್ ಗುಟುಕು ಅಂಬ್ಲಿ ಕೊಡಜ್ಜಿ."

ಪುಟ್ಟತಾಯಮ್ಮ ಸೆರಗು ಬಿಡಿಸಿಕೊಂಡಳು. "ಇಲ್ಲ ಕಣವ್ವ."

ಸ್ಟ್ರೆಚರ್ ಬರುವ ತನಕ ಮಗು ಕೇಳುತ್ತಲೇ ಇತ್ತು. ಅವಳು ಗೋಡೆಯ ಕಡೆ ಮುಖ ಮಾಡಿ, ಇಲ್ಲ ಇಲ್ಲ ಎನ್ನುತ್ತಲೇ ಇದ್ದಳು.