ಬಾಗಿಲ ಹಿಂದಿನ ತಂಬೂರಿ

ಮ್ಯೂಸಿಯಮ್ಮಿಗೆ ಹೋದರೆ ನಾನು ವಸ್ತುಗಳನ್ನು ನೋಡುವುದಕ್ಕಿಂತ ಅವುಗಳ ಕೆಳಗಿನ ಚೀಟಿ ಓದುವುದೇ ಹೆಚ್ಚು. ಚೀಟಿಯಿಲ್ಲದಿದ್ದರೆ ಮಹಾನುಭಾವರ ಊರುಗೋಲೂ ದನ ಕಾಯುವವನ ಕೋಲೂ ನನಗೆ ಒಂದೇ. ಇಂಥ ಚೀಟಿಭಕ್ತನಾದ ನಾನೇ ಒಮ್ಮೆ ಒಂದು ಸುಳ್ಳು ಚೀಟಿ ಬರೆದುಕೊಟ್ಟೆ.

ಶ್ರೀರಂಗಪಟ್ಟಣದ ಹಳೆಯ ಮನೆಯೊಂದರಲ್ಲಿ ಹೆಸರಾಂತ ವಾಗ್ಗೇಯಕಾರರೊಬ್ಬರ ಪುಟ್ಟ ಸಂಗ್ರಹಾಲಯವಿದೆ. ಅವರ ಕನ್ನಡಕ, ಕೀರ್ತನೆಗಳ ಕೈಬರಹ, ನಶ್ಯದ ಡಬ್ಬಿ. ರಾಗವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಲಾಗದು. ಆದ್ದರಿಂದ ನಶ್ಯದ ಡಬ್ಬಿಗೇ ಕೈಮುಗಿದು ಬರುತ್ತೇವೆ. ಅವರು ಮೇಲುಕೋಟೆಗೆ ಹೋಗುವ ದಾರಿಯಲ್ಲಿ ಒಮ್ಮೆ ಬೂಕನಕೆರೆಯ ನಮ್ಮ ಮನೆಯಲ್ಲಿ ತಂಗಿ ಹಾಡಿದ್ದರು. ಶ್ರುತಿಗೆ ಸಿಕ್ಕಿದ್ದು ನಮ್ಮ ಶನಿವಾರದ ಭಜನೆಯ ತಂಬೂರಿ. ನುಡಿಸಿದವಳು ನನ್ನಜ್ಜಿ ಕೆಂಪಮ್ಮ. ಹೊರಗಿನ ಗಂಡಸರ ಮುಂದೆ ಹೆಂಗಸರು ಕೂರುವ ಪದ್ಧತಿ ಇರಲಿಲ್ಲವಾದ್ದರಿಂದ ಅವಳು ನಡುಮನೆಯ ಬಾಗಿಲ ಹಿಂದೆ ಕುಳಿತೇ ನುಡಿಸಿದಳಂತೆ.

ಹೋದ ವರ್ಷ ಆ ತಂಬೂರಿಯನ್ನು ಸಂಗ್ರಹಾಲಯಕ್ಕೆ ಕೊಟ್ಟೆ. ಅಜ್ಜಿಯ ಹೆಸರು ಹೇಳಿದರೆ ಎಲ್ಲಿ ಬೇಡವೆನ್ನುತ್ತಾರೋ ಎಂದು ಹೆದರಿ, ವಾಗ್ಗೇಯಕಾರರೇ ನುಡಿಸಿದ್ದೆಂದು ಚೀಟಿ ಬರೆದುಕೊಟ್ಟೆ. ದೊಡ್ಡವರ ನೆರಳಿನಲ್ಲಿ ನಿಲ್ಲುವ ಆಸೆ ಯಾರಿಗಿಲ್ಲ?

ನಾಗಮಂಗಲಕ್ಕೆ ಮದುವೆಯಾಗಿ ಹೋದ ನನ್ನ ಸೋದರತ್ತೆಗೆ ಈಗ ಎಂಬತ್ತು ದಾಟಿದೆ. ಓದು ಬರಹ ಬಾರದು. ಅಂದು ಬಾಗಿಲ ಹಿಂದೆ ಅಜ್ಜಿಯ ಮಗ್ಗುಲಲ್ಲಿ ಕೂತಿದ್ದ ಮಗು ಅವಳೇ. ಅಜ್ಜಿಯ ಒಂದು ಪಟವೂ ನಮ್ಮಲ್ಲಿಲ್ಲ. ತಂಬೂರಿ ಕೊಟ್ಟ ಸುದ್ದಿ ಕೇಳಿ, ಅಲ್ಲಿ ಅವ್ವನ ಹೆಸರು ಬರೆದಿರುತ್ತಾರೆಂದೇ ನಂಬಿ, ಆ ಜಾಗವನ್ನು ಕಣ್ಣಾರೆ ನೋಡಬೇಕೆಂದು ಅತ್ತೆ ಹಟ ಹಿಡಿದಳು. ತಪ್ಪಿಸಿಕೊಳ್ಳಲು ನೆವಗಳು ಮುಗಿದ ಮೇಲೆ ಕರೆದುಕೊಂಡು ಹೋದೆ.

ತಂಬೂರಿಯ ಮುಂದೆ ಬಹಳ ಹೊತ್ತು ನಿಂತು ಅತ್ತೆ ಕೇಳಿದಳು, "ಏನ್ ಬರ್ದವ್ರೆ, ಓದ್ಲಾ."

ಓದು ಬಾರದವಳ ಮುಂದೆ ಸುಳ್ಳು ಎಷ್ಟು ಸಲೀಸು! "ಬೂಕನಕೆರೆಯ ಕೆಂಪಮ್ಮನವರು ನುಡಿಸಿದ ತಂಬೂರಿ" ಎಂದು ಗಟ್ಟಿಯಾಗಿ ಓದಿದೆ.

ಅಲ್ಲಿನ ಕಾವಲುಗಾರ ಬಾಷಾ ಒಳ್ಳೆಯ ಮನುಷ್ಯ. ತಪ್ಪು ಕೇಳಿ ಸುಮ್ಮನಿರಲಾರ. "ಅಂಗಿಲ್ಲ ಸಾರ್. ಅವ್ರೇ ಸ್ವತಃ ನುಡ್ಸಿದ್ದು ಅಂತೈತೆ. ದಿನಾ ಬಂದೋರ್ಗೆಲ್ಲ ನಾನೇ ಯೋಳ್ತೀನಲ್ಲ."

ಅತ್ತೆ ನನ್ನ ಮುಖ ನೋಡಿದಳು. ಅದರಲ್ಲಿ ಅವಳಿಗೆ ಓದಲು ಬಾರದ್ದೇನೂ ಇರಲಿಲ್ಲ.

"ಅಷ್ಟು ದೊಡ್ಡೋರ್ಗೆ ಏನ್ಲಾ ಕಮ್ಮಿಯಾಗಿತ್ತು? ನಮ್ಮವ್ವಂದು ಅಂತ ಇದ್ದಿದ್ದು ಅದೊಂದೇ. ಅದ್ನೂ ಅವ್ರಿಗೇ ಕೊಟ್ಬುಟ್ಯಲ್ಲ."

ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಬಾಗಿಲ ಬಳಿ ಸಂದರ್ಶಕರ ಪುಸ್ತಕವಿತ್ತು. ಎಲ್ಲರೂ 'ಬಹಳ ಚೆನ್ನಾಗಿದೆ' ಎಂದು ಬರೆದಿದ್ದ ಪುಟದಲ್ಲಿ, ನಾನು ಸುಳ್ಳು ಹೇಳಿದ್ದೇನೆ, ಅಂದು ಹಾಡಿದವರು ಅವರು, ತಂಬೂರಿ ನುಡಿಸಿದವಳು ಕೆಂಪಮ್ಮ, ದಯವಿಟ್ಟು ಚೀಟಿ ಬದಲಿಸಿ ಎಂದು ಬರೆದು ಸಹಿ ಹಾಕಿದೆ. "ಓದ್ತೀನಿ, ಕೇಳು ಅತ್ತೆ" ಎಂದೆ.

ಅತ್ತೆ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಬಾಷಾನಿಗೆ ಕೊಟ್ಟಳು. "ನೀನ್ ಓದಪ್ಪ."

ಬಾಷಾ ನಿಧಾನವಾಗಿ ಓದಿದ. "ಎಸ್ರು ಇನ್ನೊಂದ್ಸಲ" ಎಂದಳು. ಕೆಂಪಮ್ಮ ಎಂದು ಅವನು ಇನ್ನೊಮ್ಮೆ ಓದಿದಾಗ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಬಸ್ ನಿಲ್ದಾಣದಲ್ಲಿ ನಾನು ಬೋರ್ಡು ನೋಡಿ, "ನಾಗಮಂಗಲದ ಬಸ್ಸು ಬಂತು" ಎಂದೆ. ಅತ್ತೆ ಕಂಡಕ್ಟರನ್ನು ಕೇಳಿಕೊಂಡೇ ಹತ್ತಿದಳು.